ನಿಕೋಲಾಸನ ಕಾಲದ ಬೆಳ್ಳಿ ರೂಬಲ್: ಯಾವುದು ನಿಜಕ್ಕೂ ಅಪರೂಪ, ಯಾವುದನ್ನು ಕೊಳ್ಳಬಹುದು?

ಬೆಳ್ಳಿಬಿಲ್ಲೆ

ರಷ್ಯಾದ ಝಾರ್ (ಚಕ್ರವರ್ತಿ) ಎರಡನೇ ನಿಕೋಲಾಸನ ಕಾಲದ ಬೆಳ್ಳಿ ರೂಬಲ್‌ಗಳಲ್ಲಿ 1896, 1897 ಮತ್ತು 1898ರ ಸಾಮಾನ್ಯ ನಾಣ್ಯಗಳು ನನ್ನ ಬಳಿ ಇವೆ. ರೊಮಾನೊವ್ ವಂಶದ ಮುನ್ನೂರನೆಯ ವರ್ಷಕ್ಕೆಂದು 1913ರಲ್ಲಿ ಹೊರಬಂದ ಸ್ಮಾರಕ ರೂಬಲ್ ಕೂಡ ಇದೆ. ಇನ್ನು ಅಪರೂಪದ ನಾಣ್ಯಗಳ ಕಡೆಗೆ ಹೊರಳಬೇಕೆಂಬ ಆಸೆ. ಈಗ ಒಬ್ಬ ವ್ಯಾಪಾರಿ 1904ರ ರೂಬಲ್ ಒಂದನ್ನು ತೋರಿಸಿದ್ದಾರೆ. ಪಟ್ಟಿಗಳ ಪ್ರಕಾರ ಆ ವರ್ಷ ಅಚ್ಚಾದದ್ದು ಸುಮಾರು 12 ಸಾವಿರ ಮಾತ್ರ, 1897ರಲ್ಲಾದರೋ ಒಂದು ಕೋಟಿ 80 ಲಕ್ಷಕ್ಕೂ ಮೇಲೆ. ಅವರು ಕೇಳುತ್ತಿರುವ ಬೆಲೆ ನಾನು ಹರಾಜುಗಳಲ್ಲಿ ಕಂಡದ್ದರ ಮೂರನೆಯ ಒಂದು ಭಾಗವೂ ಆಗುವುದಿಲ್ಲ. "ಹಳೆಯ ಮನೆತನವೊಂದರ ಸಂಗ್ರಹ ಹಂಚಿಹೋಗುತ್ತಿದೆ, ಬೇಗ ತಿಳಿಸಿ" ಎನ್ನುತ್ತಾರೆ. ಕಳುಹಿಸಿರುವುದು ಎರಡು ಮುಖಗಳ ಚಿತ್ರ ಮಾತ್ರ.

ಎರಡು ವಿಷಯಗಳಲ್ಲಿ ಅಭಿಪ್ರಾಯ ಬೇಕು. ಇದನ್ನು ಕೊಳ್ಳಬಹುದೇ? ಮತ್ತು 1895ರಿಂದ 1915ರವರೆಗಿನ ಪ್ರತಿ ವರ್ಷದ ರೂಬಲ್ ಜೋಡಿಸುವುದು ಲೇಸೋ, ಅಥವಾ ಪೀಟರ್‌ನಿಂದ ಹಿಡಿದು ನಿಕೋಲಾಸನವರೆಗೆ ಪ್ರತಿ ಅರಸನ ಒಂದೊಂದು ನಾಣ್ಯ ಜೋಡಿಸುವುದು ಲೇಸೋ?

ಪ್ರಶ್ನೆಗಾರ

ಬೇಗ ತಿಳಿಸಿ ಎಂದವರಿಗೆ "ಬೇಡ" ಎಂದು ಬೇಗ ತಿಳಿಸಿದರಾಯಿತು.

ಟಂಕಸಾಲೆ

ಮುಖಗಳನ್ನು ನೋಡಿ ಏನೂ ಹೇಳಲಾಗದು, ಅಂಚಿನ ಚಿತ್ರ ತರಿಸಿಕೊಳ್ಳಿ. 1886ರಿಂದ ಈಚಿನ ರೂಬಲ್‌ಗಳ ಅಂಚಿನಲ್ಲಿ "ಶುದ್ಧ ಬೆಳ್ಳಿ 4 ಝೊಲೊತ್ನಿಕ್ 21 ದೋಲ್ಯಾ" ಎಂಬರ್ಥದ ಬರಹವನ್ನು ಒಳಕ್ಕೆ ಒತ್ತಿರುತ್ತಾರೆ. ಒಂದು ಝೊಲೊತ್ನಿಕ್ ಎಂದರೆ 4.266 ಗ್ರಾಂ, ಅದರಲ್ಲಿ 96 ದೋಲ್ಯಾ. ಲೆಕ್ಕ ಹಾಕಿದರೆ 18 ಗ್ರಾಂ ಶುದ್ಧ ಬೆಳ್ಳಿ ಬರುತ್ತದೆ. ಸಾವಿರಕ್ಕೆ 900ರ ಮಿಶ್ರಣವಾದ್ದರಿಂದ ನಾಣ್ಯದ ಪೂರ್ಣ ತೂಕ 20 ಗ್ರಾಂ.

ಆ ಬರಹದ ಜೊತೆಗೇ ಆವರಣ ಚಿಹ್ನೆಯೊಳಗೆ ಪೀಟರ್ಸ್‌ಬರ್ಗ್ ಟಂಕಸಾಲೆಯ ಅಧಿಕಾರಿಯ ಹೆಸರಿನ ಎರಡು ಮೊದಲಕ್ಷರಗಳಿರುತ್ತವೆ, ಅವು ಕಾಲಕಾಲಕ್ಕೆ ಬದಲಾಗುತ್ತವೆ. ನಿಕೋಲಾಸನ ಆರಂಭದ ವರ್ಷಗಳಲ್ಲಿ ಅಪೊಲೊನ್ ಗ್ರಾಸ್ಗೋಫ್, ಆಮೇಲೆ ಫೆಲಿಕ್ಸ್ ಝಲೆಮಾನ್, 1901ರಿಂದ 1905ರವರೆಗೆ ಅಲೆಕ್ಸಾಂಡರ್ ರೆದ್ಕೊ, 1906ರಿಂದ ಎಲಿಕುಮ್ ಬಬಯಾಂತ್ಸ್, ಕೊನೆಗೆ ವಿಕ್ಟರ್ ಸ್ಮಿರ್ನೊವ್. 1904ರ ರೂಬಲ್ ಆದರೆ ರೆದ್ಕೊ ಅವರ ಅಕ್ಷರಗಳೇ ಇರಬೇಕು, ಬೇರೆ ಯಾರದ್ದು ಇದ್ದರೂ ಮಾತುಕತೆ ಅಲ್ಲಿಗೇ ಮುಗಿಯಿತು. ಅಂಚು ತೋರಿಸದ ವ್ಯಾಪಾರಿಯ ಬಳಿ ನಾನಂತೂ ರೂಬಲ್ ಕೊಳ್ಳುವುದಿಲ್ಲ.

ನ್ಯೂಜೆರ್ಸಿಯಿಂದ

ಟಂಕಸಾಲೆಯವರ ಮಾತಿಗೆ ಒಂದು ಸೇರ್ಪಡೆ. ಎಲ್ಲ ರೂಬಲ್‌ಗಳೂ ಪೀಟರ್ಸ್‌ಬರ್ಗಿನವಲ್ಲ. 1896ರಿಂದ 1899ರ ನಡುವೆ ಕೆಲಸ ಕೈಮೀರಿದ್ದರಿಂದ ಒಂದಷ್ಟನ್ನು ಹೊರದೇಶಗಳಲ್ಲಿ ಅಚ್ಚು ಹಾಕಿಸಿದರು. ಅವುಗಳಲ್ಲಿ ಅಧಿಕಾರಿಯ ಅಕ್ಷರಗಳ ಬದಲು ಅಂಚಿನಲ್ಲಿ ನಕ್ಷತ್ರಗಳಿರುತ್ತವೆ. ಒಂದು ನಕ್ಷತ್ರವಿದ್ದರೆ ಪ್ಯಾರಿಸ್, ಎರಡಿದ್ದರೆ ಬ್ರಸೆಲ್ಸ್. ಬೆಳ್ಳಿಬಿಲ್ಲೆಯವರೇ, ನಿಮ್ಮಲ್ಲಿರುವ ಮೂರು ಸಾಮಾನ್ಯ ನಾಣ್ಯಗಳ ಅಂಚನ್ನು ಒಮ್ಮೆ ತಿರುಗಿಸಿ ನೋಡಿ, ನಿಮಗೇ ತಿಳಿಯದಂತೆ ಮೂರು ನಗರಗಳ ನಾಣ್ಯ ಸೇರಿಕೊಂಡಿರಬಹುದು.

ಚರಿತ್ರೆಪ್ರಿಯೆ

1904ರಲ್ಲಿ ಅಷ್ಟು ಕಡಿಮೆ ಏಕೆ ಎಂಬುದನ್ನು ಯಾರೂ ಹೇಳಲಿಲ್ಲ. ಹಣಕಾಸು ಸಚಿವ ಸೆರ್ಗೆಯ್ ವಿಟ್ಟೆ 1897ರಲ್ಲಿ ರೂಬಲನ್ನು ಚಿನ್ನಕ್ಕೆ ಗಂಟು ಹಾಕಿದ ಮೇಲೆ ಬೆಳ್ಳಿ ರೂಬಲ್ ಚಿಲ್ಲರೆಯ ಮಟ್ಟಕ್ಕೆ ಇಳಿಯಿತು. ಖಾಸಗಿ ವ್ಯವಹಾರದಲ್ಲಿ 25 ರೂಬಲ್‌ಗಿಂತ ಹೆಚ್ಚಿನ ಮೊತ್ತವನ್ನು ಬೆಳ್ಳಿಯಲ್ಲಿ ಸ್ವೀಕರಿಸಬೇಕೆಂಬ ಕಡ್ಡಾಯವಿರಲಿಲ್ಲ. ಸುಧಾರಣೆಯ ಆಸುಪಾಸಿನಲ್ಲಿ, ಅಂದರೆ 1896ರಿಂದ ಶತಮಾನದ ಕೊನೆಯವರೆಗೆ, ಚಲಾವಣೆಗೆ ಬೇಕಾದಷ್ಟು ಬೆಳ್ಳಿ ನಾಣ್ಯಗಳನ್ನು ಕೋಟಿಗಟ್ಟಲೆ ಹೊರತಂದಾಗಿತ್ತು. ಆದ್ದರಿಂದ 1902ರ ನಂತರ ಹೊಸದಾಗಿ ಅಚ್ಚು ಹಾಕುವ ಅಗತ್ಯವೇ ಹೆಚ್ಚು ಬೀಳಲಿಲ್ಲ. 1903, 1904, 1905ರ ಅಂಕಿಗಳು ಕುಸಿದಿರುವುದಕ್ಕೆ ಇದೇ ಮುಖ್ಯ ಕಾರಣ. 1913ರದ್ದೂ ಹಾಗೆಯೇ: ಸ್ಮಾರಕ ರೂಬಲ್ 15 ಲಕ್ಷದಷ್ಟು ಹೊರಬಂದರೆ ಅದೇ ವರ್ಷದ ಸಾಧಾರಣ ರೂಬಲ್ ಸುಮಾರು 22 ಸಾವಿರ ಮಾತ್ರ. ಅಂಗಡಿಯವರು "ಝಾರನ ಅಪರೂಪದ ನಾಣ್ಯ" ಎಂದು ಮಾರುವುದು ಆ 15 ಲಕ್ಷದಲ್ಲೊಂದನ್ನು.

ಗಂಡಭೇರುಂಡ_77

ಎಷ್ಟು ಅಚ್ಚಾಯಿತು ಎಂಬ ಸಂಖ್ಯೆಯೇ ಅಪರೂಪದ ಅಳತೆ ಎಂಬಂತೆ ಎಲ್ಲರೂ ಮಾತಾಡುತ್ತಿದ್ದೀರಿ, ಇದನ್ನು ನಾನು ಒಪ್ಪುವುದಿಲ್ಲ. ಅಳತೆ ಇರಬೇಕಾದದ್ದು ಎಷ್ಟು ಉಳಿದಿದೆ ಎಂಬುದರಲ್ಲಿ. ಗಂಗುಟ್ ನೌಕಾಯುದ್ಧದ 200ನೆಯ ವರ್ಷದ ನೆನಪಿಗೆ 1914ರ ದಿನಾಂಕದೊಡನೆ ಬಂದ ರೂಬಲನ್ನೇ ತೆಗೆದುಕೊಳ್ಳಿ. ಅಚ್ಚಾದದ್ದು 30 ಸಾವಿರದ ಆಸುಪಾಸು, ಅಂದರೆ 1904ರ ಎರಡು ಪಟ್ಟಿಗೂ ಹೆಚ್ಚು. ಆದರೆ ಅವುಗಳಲ್ಲಿ ಬಹುಪಾಲು ಜನರ ಕೈಸೇರುವ ಮೊದಲೇ ಕರಗಿಹೋದವು, ಹಾಗಾಗಿ ಇಂದು ಗಂಗುಟ್ ರೂಬಲ್‌ಗೆ 1904ರ ಯಾವ ನಾಣ್ಯವೂ ಸಮನಾಗದು. ಸಂಗ್ರಾಹಕರಿಗಾಗಿ ಸೋವಿಯತ್ ಸರ್ಕಾರ 1927ರಲ್ಲಿ ಅದನ್ನೇ ಮತ್ತೆ ಅಚ್ಚು ಹಾಕಿಸಿತು. ಆ ಮರು-ಅಚ್ಚುಗಳಿಗೂ ಈಗ ಒಳ್ಳೆಯ ಬೆಲೆಯಿದೆ.

ಇನ್ನೂ ಹಿಂದಕ್ಕೆ ಹೋಗಿ. ಆರನೇ ಇವಾನ್ 1740ರಲ್ಲಿ ಎರಡು ತಿಂಗಳ ಕೂಸಾಗಿ ಪಟ್ಟಕ್ಕೆ ಬಂದ. ಮರುವರ್ಷ ಎಲಿಜಬೆತ್ ಅವನನ್ನು ಇಳಿಸಿ ತಾನೇ ಸಿಂಹಾಸನವೇರಿದಳು. ಅವನ ಮುಖವಿದ್ದ ನಾಣ್ಯಗಳನ್ನೆಲ್ಲ ಹಿಂದಿರುಗಿಸಬೇಕೆಂದು ಆಜ್ಞೆ ಹೊರಟಿತು, ಬಂದವು ಮೂಸೆಗೆ ಹೋದವು, ಗಡುವು ಮೀರಿ ಇಟ್ಟುಕೊಂಡವರು ಅಪರಾಧಿಗಳಾದರು. ಆ ರೂಬಲ್ ಅಪರೂಪವಾದದ್ದಕ್ಕೆ ಟಂಕಸಾಲೆಯ ಲೆಕ್ಕದ ಪುಸ್ತಕ ಕಾರಣವಲ್ಲ, ಎಲಿಜಬೆತ್ತಳ ಆಜ್ಞೆ ಕಾರಣ.

ಟಂಕಸಾಲೆ

ಗಂಡಭೇರುಂಡ ಅವರು ಅರ್ಧ ಸತ್ಯ ಹೇಳುತ್ತಿದ್ದಾರೆ. ಉಳಿದದ್ದೆಷ್ಟು ಎಂದು ಎಣಿಸಿದವರು ಯಾರೂ ಇಲ್ಲ. ಇವಾನ್ ಮತ್ತು ಗಂಗುಟ್‌ಗಳಂತೆ ಕರಗಿಸಿದ ಕಥೆ ದಾಖಲಾಗಿರುವ ನಾಣ್ಯಗಳಲ್ಲಿ ನಿಮ್ಮ ವಾದ ನಿಲ್ಲುತ್ತದೆ. ಮಿಕ್ಕವುಗಳಿಗೆ ಅಚ್ಚಿನ ಸಂಖ್ಯೆ ಮತ್ತು ಹರಾಜುಗಳಲ್ಲಿ ನಾಣ್ಯ ಎಷ್ಟು ಸಲ ಕಾಣಿಸುತ್ತದೆ ಎಂಬ ಲೆಕ್ಕ, ಇವೆರಡೇ ಗತಿ.

ಗಂಡಭೇರುಂಡ_77

ಹಾಗಾದರೆ 1898ರ ಸ್ಮಾರಕ ರೂಬಲ್ ವಿಚಾರ ಹೇಳಿ. ಮಾಸ್ಕೋದ ಕ್ರೆಮ್ಲಿನ್‌ನಲ್ಲಿ ಎರಡನೇ ಅಲೆಕ್ಸಾಂಡರನ ಸ್ಮಾರಕ ಅನಾವರಣವಾದಾಗ ಬಂದದ್ದು, ರಷ್ಯಾದ ಸಂಗ್ರಾಹಕರು "ದ್ವೋರಿಕ್" ಎನ್ನುತ್ತಾರೆ. ಅಚ್ಚಾದದ್ದು ಸುಮಾರು 5 ಸಾವಿರ, 1904ರ ಅರ್ಧವೂ ಅಲ್ಲ. ಆದರೆ ನೆನಪಿನ ಕಾಣಿಕೆಯಾಗಿ ಪಡೆದವರು ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದರಿಂದ ಸವೆಯದ ದ್ವೋರಿಕ್‌ಗಳು ಹರಾಜಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಸವೆಯದ 1904 ಅಷ್ಟು ಸಲೀಸಾಗಿ ಬರುವುದಿಲ್ಲ. ಸಂಖ್ಯೆಯೊಂದನ್ನೇ ನಂಬಿದರೆ ಇದನ್ನು ವಿವರಿಸುವುದು ಹೇಗೆ?

ಟಂಕಸಾಲೆ

ಹರಾಜಿನಲ್ಲಿ ಎಷ್ಟು ಸಲ ಕಾಣಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನಾನು ಮೇಲೆಯೇ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿ ಉತ್ತರಿಸಿ.

ಅಕ್ಕಸಾಲೆ_ಬೀದಿ

ನಮ್ಮದು ಬೆಳ್ಳಿ ಕೆಲಸದ ಮನೆತನ, ಅದರ ಕಡೆಯಿಂದ ನಾಲ್ಕು ಮಾತು. ಮೊದಲು 0.01 ಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ ತೂಗಬೇಕು. ಚಲಾವಣೆಯಲ್ಲಿ ಸವೆದ ರೂಬಲ್ 20 ಗ್ರಾಂಗಿಂತ ಸ್ವಲ್ಪ ಕಡಿಮೆ ಇರುತ್ತದೆ, ಅದು ಸಹಜ. ಆದರೆ ಸುಮಾರು 33.65 ಮಿಲಿಮೀಟರ್ ವ್ಯಾಸವೂ ಸರಿಯಾದ ದಪ್ಪವೂ ಇದ್ದು ತೂಕ 17 ಗ್ರಾಂ ಬಂದರೆ ಅದು ತಾಮ್ರ-ನಿಕ್ಕಲ್ ಮಿಶ್ರಣ. 900ರ ಬೆಳ್ಳಿಯ ಸಾಂದ್ರತೆ 10.3ರ ಸಮೀಪ, ತಾಮ್ರ-ನಿಕ್ಕಲ್‌ನದು 8.9. ನೀರಿನಲ್ಲಿ ಮುಳುಗಿಸಿ ತೂಗಿದರೆ ಇದು ಮನೆಯಲ್ಲೇ ಗೊತ್ತಾಗುತ್ತದೆ, ನಾಣ್ಯಕ್ಕೂ ಹಾನಿಯಿಲ್ಲ.

ಎರಡನೆಯದಾಗಿ, ಅಚ್ಚಿನಲ್ಲಿ ಎರಕ ಹೊಯ್ದ ನಕಲುಗಳ ಮೈಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿರುತ್ತವೆ, ಅಕ್ಷರಗಳ ಅಂಚು ಮೊಂಡಾಗಿರುತ್ತದೆ. ಗಡ್ಡದ ಕೂದಲೆಳೆಗಳನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ಅಸಲಿಯಲ್ಲಿ ಎಳೆಎಳೆಯಾಗಿ ಕಾಣುತ್ತದೆ, ಎರಕದಲ್ಲಿ ಕಲಸಿಹೋಗಿರುತ್ತದೆ.

ಅಯಸ್ಕಾಂತಕ್ಕೆ ಅಂಟಲಿಲ್ಲವೆಂದು ಯಾರೂ ಸಂತೋಷಪಡಬೇಡಿ. ತಾಮ್ರವೂ ಅಂಟುವುದಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ.

ವೋಲ್ಗಾದಾಚೆ

ಅಕ್ಕಸಾಲೆಯವರ ಪರೀಕ್ಷೆಗಳು ಅಗ್ಗದ ನಕಲುಗಳಿಗೆ ಸಾಕು. ಈಗಿನ ಒಳ್ಳೆಯ ನಕಲುಗಳನ್ನು ನಿಜವಾದ ಬೆಳ್ಳಿಯಲ್ಲೇ, ಸರಿಯಾದ ತೂಕದಲ್ಲೇ, ಯಂತ್ರದ ಒತ್ತಡದಲ್ಲೇ ಅಚ್ಚು ಹಾಕುತ್ತಾರೆ. ವೈದ್ಯಕೀಯ ಓದಿಗೆಂದು ರಷ್ಯಾದಲ್ಲಿದ್ದಾಗ ವಾರಾಂತ್ಯದ ಹಳೆ ಸಾಮಾನಿನ ಸಂತೆಗಳಿಗೆ ಹೋಗುವುದು ನನ್ನ ರೂಢಿಯಾಗಿತ್ತು. ಅಲ್ಲಿ ಮೇಜಿನ ಮೇಲೆ ಹರಡಿದ್ದ ಇವಾನ್, ಮೂರನೇ ಪೀಟರ್, ಪಾಲ್ ರೂಬಲ್‌ಗಳೆಲ್ಲ ಪ್ರವಾಸಿಗರಿಗಾಗಿ ಮಾಡಿದವು. ಮಾರುವವರೇ ನಗುತ್ತ "ನಕಲು" ಎಂದು ಒಪ್ಪಿಕೊಳ್ಳುತ್ತಿದ್ದರು. ತೊಂದರೆ ಆಗುವುದು ಅದೇ ನಾಣ್ಯ ಮೂರು ಕೈ ದಾಟಿ, ಎಣ್ಣೆ-ಮಸಿ ಹಿಡಿದು, "ಅಜ್ಜನ ಸಂಗ್ರಹ" ಎಂಬ ಹೆಸರಿನಲ್ಲಿ ನಮ್ಮೂರಿಗೆ ಬಂದಾಗ.

ನಿಕೋಲಾಸನ ಕತ್ತಿನ ಮೇಲೆ "1917ರ ಮಾರ್ಚ್‌ನಲ್ಲಿ ರೊಮಾನೊವ್ ವಂಶದ ಪದಚ್ಯುತಿ" ಎಂಬರ್ಥದ ಮುದ್ರೆ ಒತ್ತಿದ ರೂಬಲ್‌ಗಳನ್ನು ಕಂಡರೂ ಹುಷಾರು. ಕ್ರಾಂತಿಯ ಕಾಲದಲ್ಲಿ ಖಾಸಗಿಯವರು ಒತ್ತಿದ ಮುದ್ರೆ ಅದು, ಸರ್ಕಾರದ್ದಲ್ಲ. ಅಸಲಿ ಮುದ್ರೆಗಿಂತ ಆಮೇಲೆ ಒತ್ತಿದ್ದೇ ಹೆಚ್ಚು.

ಬೆಳ್ಳಿಬಿಲ್ಲೆ

ಅಂಚಿನ ಚಿತ್ರ ಬಂತು. ಬರಹ ಸ್ಪಷ್ಟವಾಗಿದೆ, ಅಕ್ಷರಗಳ ಅಂತರವೂ ಸಮವಾಗಿದೆ. ಆವರಣದೊಳಗಿನ ಮೊದಲ ಅಕ್ಷರ ವೃತ್ತದ ನಡುವೆ ನೆಟ್ಟಗೆ ಗೆರೆ ಎಳೆದಂತಿದೆ, ಎರಡನೆಯದು ನಮ್ಮ ಲೆಕ್ಕದ 3ರಂತೆ ಕಾಣುತ್ತದೆ. ತೂಕ 19.87 ಗ್ರಾಂ ಎಂದು ಬರೆದಿದ್ದಾರೆ.

ಟಂಕಸಾಲೆ

ಅದು ಫೆಲಿಕ್ಸ್ ಝಲೆಮಾನ್ ಅವರ ಗುರುತು, 1904ಕ್ಕೆ ಹೊಂದುವುದಿಲ್ಲ. ನಾಣ್ಯ ಅಸಲಿಯೇ ಇದ್ದೀತು, ವರ್ಷ ಅಸಲಿಯಲ್ಲ. 1901ರಲ್ಲಿ ಝಲೆಮಾನ್ ಅಕ್ಷರಗಳ ರೂಬಲ್‌ಗಳೂ ರೆದ್ಕೊ ಅಕ್ಷರಗಳ ರೂಬಲ್‌ಗಳೂ ಬಂದಿವೆ, ಆ ವರ್ಷದ ಒಟ್ಟು ಸಂಖ್ಯೆ 26 ಲಕ್ಷದಷ್ಟು. ಝಲೆಮಾನ್ ಅಕ್ಷರದ 1901ರ ಸಾಮಾನ್ಯ ನಾಣ್ಯದ ಕೊನೆಯ 1ಕ್ಕೆ ಬೆಳ್ಳಿ ಕೂಡಿಸಿ 4 ಮಾಡಿದ್ದಾರೆ ಎಂಬುದು ನನ್ನ ಊಹೆ. ಕೊನೆಯ ಅಂಕಿಯನ್ನು ಹತ್ತಿರದಿಂದ ತೆಗೆಸಿದ ಚಿತ್ರ ಕೇಳಿ ನೋಡಿ.

ಅಕ್ಕಸಾಲೆ_ಬೀದಿ

ಇಂಥ ಕೈಚಳಕ ಹಿಡಿಯುವುದು ಕಷ್ಟವಲ್ಲ. ಅಂಕಿಯ ಸುತ್ತಲಿನ ಬಯಲು ಉಳಿದ ಮೂರು ಅಂಕಿಗಳ ಸುತ್ತಲಿನ ಬಯಲಿಗಿಂತ ನುಣುಪಾಗಿರುತ್ತದೆ, ಏಕೆಂದರೆ ಬೆಸುಗೆ ಹಾಕಿದ ಮೇಲೆ ಅಲ್ಲಿ ಉಜ್ಜಲೇಬೇಕು. ಬೆಳಕನ್ನು ಪಕ್ಕದಿಂದ ಬೀಳಿಸಿದರೆ 4ರ ಓರೆಗೆರೆ ಬುಡದಲ್ಲಿ ಬಯಲಿನೊಂದಿಗೆ ಕೂಡುವ ಕಡೆ ಕೂದಲಿನಷ್ಟು ಸಣ್ಣ ಗೀರು ಕಾಣಿಸುತ್ತದೆ. ಅಚ್ಚಿನಲ್ಲೇ ಎದ್ದ ಅಂಕಿಯಾದರೆ ಲೋಹ ಒಂದೇ ಹರಿವಿನಲ್ಲಿ ಮೇಲೆದ್ದಿರುತ್ತದೆ, ಅಲ್ಲಿ ಸೇರಿಕೆಯ ಗೆರೆಯೇ ಇರುವುದಿಲ್ಲ. ಬೆಸುಗೆಗೆ ಬಳಸಿದ ಬೆಳ್ಳಿಯ ಬಣ್ಣವೂ ಕೊಂಚ ಹಳದಿಗೆ ತಿರುಗಿರುತ್ತದೆ.

ಬೆಳ್ಳಿಬಿಲ್ಲೆ

ಕೊನೆಯ ಅಂಕಿಯ ಚಿತ್ರ ಕೇಳಿದ ಮೇಲೆ ವ್ಯಾಪಾರಿಯಿಂದ ಉತ್ತರ ನಿಂತಿದೆ. ಆ ವ್ಯವಹಾರ ಬಿಟ್ಟೆ. ಎರಡನೆಯ ಪ್ರಶ್ನೆ ಹಾಗೇ ಉಳಿದಿದೆ: ವರ್ಷವಾರು ಸರಣಿಯೋ, ಅರಸರ ಸರಣಿಯೋ?

ಪ್ರಶ್ನೆಗಾರ

ವರ್ಷವಾರು ಹೋದರೆ 1903, 1904, 1905, 1909, 1913 ಎಂಬ ಐದು ಗುಳಿಗಳಲ್ಲೇ ಜೀವಮಾನದ ಉಳಿತಾಯ ಬೀಳುತ್ತದೆ. 1915ರದ್ದಂತೂ ಕೇಳಲೇಬೇಡಿ.

ಚರಿತ್ರೆಪ್ರಿಯೆ

ನನ್ನ ಮತ ಅರಸರ ಸರಣಿಗೆ. ಒಂದೇ ಮುಖ, ಹಿಂಬದಿಯಲ್ಲಿ ರಾಜಲಾಂಛನದ ಒಂದೇ ಹದ್ದು ಇರುವ ಇಪ್ಪತ್ತು ನಾಣ್ಯಗಳನ್ನು ಸಾಲಾಗಿಟ್ಟರೆ ಟಂಕಸಾಲೆಯ ವರದಿ ಕಾಣುತ್ತದೆಯೇ ಹೊರತು ಚರಿತ್ರೆ ಕಾಣುವುದಿಲ್ಲ. ಪೀಟರ್ 1704ರಲ್ಲಿ ನೂರು ಕೊಪೆಕ್‌ಗೆ ಒಂದು ರೂಬಲ್ ಎಂಬ ದಶಮಾನ ಪದ್ಧತಿಯಲ್ಲಿ ಬೆಳ್ಳಿ ರೂಬಲನ್ನು ಜಾರಿಗೆ ತಂದ. ಆ ಆರಂಭದ ನಾಣ್ಯಗಳಲ್ಲಿ ವರ್ಷವನ್ನು ಅಂಕಿಗಳಿಂದಲ್ಲ, ಸ್ಲಾವ್ ಅಕ್ಷರಗಳಿಂದ ಬರೆಯುತ್ತಿದ್ದರು. ಅಲ್ಲಿಂದ ಮುಂದೆ ಪ್ರತಿಯೊಬ್ಬರ ರೂಬಲ್‌ನಲ್ಲೂ ಖಜಾನೆಯ ಸ್ಥಿತಿ ತಿಳಿಯುತ್ತದೆ. ಅನ್ನಾ ಮತ್ತು ಎಲಿಜಬೆತ್ ಕಾಲದಲ್ಲಿ 25.85 ಗ್ರಾಂ ಇದ್ದ ನಾಣ್ಯ 1764ರಿಂದ ಎರಡನೇ ಕ್ಯಾಥರೀನಳ ಕಾಲದಲ್ಲಿ 24 ಗ್ರಾಂಗೆ ಇಳಿಯಿತು, ಬೆಳ್ಳಿಯ ಪ್ರಮಾಣವೂ 750ಕ್ಕೆ ಬಂತು. ಹದಿನೆಂಟು ಗ್ರಾಂ ಶುದ್ಧ ಬೆಳ್ಳಿ ಎಂಬ ಲೆಕ್ಕ ನಿಂತದ್ದು ಅಲ್ಲಿ. ಆಮೇಲೆ ಮಿಶ್ರಣ ಬದಲಾದರೂ ಆ 18 ಗ್ರಾಂ ಸಾಮ್ರಾಜ್ಯದ ಕೊನೆಯವರೆಗೆ ಬಹುಮಟ್ಟಿಗೆ ಹಾಗೇ ಉಳಿಯಿತು.

ಪಾಲ್‌ನದು ಇನ್ನೂ ವಿಚಿತ್ರ. 1797ರಲ್ಲಿ 29 ಗ್ರಾಂ ಮೀರಿದ ಭಾರದ ರೂಬಲ್ ಹೊರತಂದ, ಮರುವರ್ಷವೇ 20.73 ಗ್ರಾಂಗೆ ಇಳಿಸಿದ. ತನ್ನ ಮುಖವನ್ನು ಹಾಕಿಸಲಿಲ್ಲ. ಒಂದು ಬದಿಗೆ ತನ್ನ ಹೆಸರಿನ ಅಕ್ಷರವನ್ನೇ ಶಿಲುಬೆಯಾಕಾರದಲ್ಲಿ ನಾಲ್ಕು ಸಲ ಜೋಡಿಸಿ, ಇನ್ನೊಂದು ಬದಿಗೆ "ನಮಗಲ್ಲ, ನಮಗಲ್ಲ, ನಿನ್ನ ನಾಮಕ್ಕೆ" ಎಂಬ ಕೀರ್ತನೆಯ ಸಾಲು ಹಾಕಿಸಿದ.

ಬೆಳ್ಳಿಬಿಲ್ಲೆ

ಹಾಗಾದರೆ ಮೊದಲನೇ ಅಲೆಕ್ಸಾಂಡರ್, ಮೊದಲನೇ ನಿಕೋಲಾಸ್, ಎರಡನೇ ಅಲೆಕ್ಸಾಂಡರರ ನಾಣ್ಯಗಳಲ್ಲೂ ಮುಖ ಸಿಗುವುದಿಲ್ಲವೇ?

ಟಂಕಸಾಲೆ

ಚಲಾವಣೆಯ ರೂಬಲ್‌ಗಳಲ್ಲಿ ಇಲ್ಲ. ಪಾಲ್ ತೆಗೆದ ಮುಖವನ್ನು ಮರಳಿ ತಂದವನು ಮೂರನೇ ಅಲೆಕ್ಸಾಂಡರ್, ಅದೂ 1886ರಲ್ಲಿ. ನಡುವಿನ ಸುಮಾರು ತೊಂಬತ್ತು ವರ್ಷ ಹದ್ದು ಮತ್ತು ಬರಹ ಮಾತ್ರ. ಮುಖ ಬೇಕೆಂದರೆ ಸ್ಮಾರಕಗಳಿಗೆ ಹೋಗಬೇಕು: 1834ರ ಅಲೆಕ್ಸಾಂಡರ್ ಸ್ತಂಭ, 1839ರ ಬೊರೊದಿನೊ ಯುದ್ಧಸ್ಮಾರಕ. 1859ರದ್ದರಲ್ಲಿ ಕುದುರೆ ಏರಿದ ನಿಕೋಲಾಸ್ ಇದ್ದಾನೆ. ಇವೂ ಅಗ್ಗವಲ್ಲ, ಆದರೆ ಹಣ ಕೂಡಿಟ್ಟು ಕೊಳ್ಳಬಹುದಾದವು.

ನ್ಯೂಜೆರ್ಸಿಯಿಂದ

1836ರ "ಕುಟುಂಬ ರೂಬಲ್" ಬಿಟ್ಟಿರಲ್ಲ! ಒಂದೂವರೆ ರೂಬಲ್ ಮತ್ತು ಹತ್ತು ಪೋಲಿಷ್ ಝ್ಲೊಟಿ ಎಂದು ಎರಡು ಬೆಲೆ ಬರೆದಿರುವ ನಾಣ್ಯ. ಒಂದು ಬದಿ ಮೊದಲನೇ ನಿಕೋಲಾಸ್, ಇನ್ನೊಂದು ಬದಿ ನಡುವೆ ರಾಣಿ, ಸುತ್ತಲೂ ವೃತ್ತಾಕಾರದಲ್ಲಿ ಏಳು ಮಕ್ಕಳ ಮುಖಗಳು. ಪಾವೆಲ್ ಉತ್ಕಿನ್ ಕೊರೆದ ಅಚ್ಚು. ಅರಸನ ಮುಖ ಬೇಕೆಂದವರಿಗೆ ಇದಕ್ಕಿಂತ ಬೇಕೇ?

ಪ್ರಶ್ನೆಗಾರ

ಮನೆ ಮಾರಿ ಕೊಳ್ಳಬಹುದು.

ಗಂಡಭೇರುಂಡ_77

ಮನೆ ಮಾರುವ ಮಾತು ಬಂತೆಂದರೆ ಕಾನ್‌ಸ್ಟಂಟೈನ್ ರೂಬಲನ್ನು ಬಿಡುವುದು ಹೇಗೆ? 1825ರ ನವೆಂಬರ್‌ನಲ್ಲಿ ಮೊದಲನೇ ಅಲೆಕ್ಸಾಂಡರ್ ತಗನ್‌ರೋಗ್‌ನಲ್ಲಿ ತೀರಿಕೊಂಡ. ತಮ್ಮ ಕಾನ್‌ಸ್ಟಂಟೈನ್ ವಾರ್ಸಾದಲ್ಲಿದ್ದ, ಅವನು ಸಿಂಹಾಸನ ಒಲ್ಲೆನೆಂದದ್ದು ರಾಜಧಾನಿಯಲ್ಲಿ ಬೆರಳೆಣಿಕೆಯ ಜನಕ್ಕೆ ಮಾತ್ರ ತಿಳಿದಿತ್ತು. ಎಲ್ಲರೂ ಅವನಿಗೇ ನಿಷ್ಠೆಯ ಪ್ರಮಾಣ ಮಾಡಿದರು. ಹಣಕಾಸು ಸಚಿವ ಕಾಂಕ್ರಿನ್ ಹೊಸ ಅರಸನ ರೂಬಲ್‌ಗೆ ಮಾದರಿ ಮಾಡಿಸಿದ. ಕೆಲವೇ ವಾರಗಳಲ್ಲಿ ಇನ್ನೊಬ್ಬ ತಮ್ಮ ನಿಕೋಲಾಸ್ ಪಟ್ಟವೇರಿದ, ಡಿಸೆಂಬರ್ 14ರ ದಂಗೆಯೂ ಆಗಿಹೋಯಿತು, ಮಾದರಿಗಳು ಸಚಿವಾಲಯದ ಕಡತಗಳ ನಡುವೆ ಅರ್ಧ ಶತಮಾನ ಅಡಗಿದವು. 2021ರಲ್ಲಿ ಅಮೆರಿಕದ ಹರಾಜಿನಲ್ಲಿ ಅದರಲ್ಲೊಂದು 26.4 ಲಕ್ಷ ಡಾಲರ್‌ಗೆ ಹೋಯಿತು. ಆಳದೇ ಹೋದ ಅರಸನ ನಾಣ್ಯಕ್ಕೆ ಈ ಬೆಲೆ.

ನ್ಯೂಜೆರ್ಸಿಯಿಂದ

ಅಂಚಿನಲ್ಲಿ ಬರಹವಿರುವ ಐದು ಮಾತ್ರ ಪ್ರಶ್ನಾತೀತ. ಬರಹವಿಲ್ಲದ ನುಣುಪಾದ ಅಂಚಿನವನ್ನು ತ್ರುಬೆತ್ಸ್ಕೊಯ್ ರೂಬಲ್ ಎನ್ನುತ್ತಾರೆ, ಅವು ನಕಲು ಎಂಬುದೇ ಹೆಚ್ಚಿನವರ ಅಭಿಪ್ರಾಯ. ಅಲ್ಲೂ ತೀರ್ಪು ಕೊಟ್ಟದ್ದು ಅಂಚು. ಐದರಲ್ಲಿ ಒಂದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಝಾರನ ಸಂಬಂಧಿ ಗ್ರಾಂಡ್ ಡ್ಯೂಕ್ ಗಿಯೊರ್ಗಿ ಮಿಖಾಯ್ಲೊವಿಚ್ ಜೀವಮಾನವಿಡೀ ಕೂಡಿಹಾಕಿದ ಸಂಗ್ರಹದಿಂದ ಬಂದದ್ದು ಅದು. ಅವರನ್ನು 1919ರ ಜನವರಿಯಲ್ಲಿ ಪೀಟರ್ ಮತ್ತು ಪಾಲ್ ಕೋಟೆಯಲ್ಲಿ ಗುಂಡಿಕ್ಕಿ ಕೊಂದರು. ರೂಬಲ್‌ಗಳನ್ನು ಅಚ್ಚು ಹಾಕುತ್ತಿದ್ದ ಟಂಕಸಾಲೆ ಇರುವುದು ಆ ಕೋಟೆಯೊಳಗೇ.

ಟಂಕಸಾಲೆ

ಆ ಗ್ರಾಂಡ್ ಡ್ಯೂಕ್ ಹೆಸರು ಬಂದದ್ದರಿಂದ ಬೆಳ್ಳಿಬಿಲ್ಲೆಯವರಿಗೆ ಉಪಯೋಗವಾಗುವ ಒಂದು ವಿಷಯ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಶ್ರೀಮಂತ ಸಂಗ್ರಾಹಕರ ಕೋರಿಕೆಯ ಮೇಲೆ ಟಂಕಸಾಲೆಯೇ ಹಳೆಯ ನಾಣ್ಯಗಳನ್ನು ಮತ್ತೆ ಅಚ್ಚು ಹಾಕಿ ಕೊಡುತ್ತಿತ್ತು. ಕೆಲವೊಮ್ಮೆ ಹಳೆಯ ಅಚ್ಚಿನಲ್ಲಿ, ಕೆಲವೊಮ್ಮೆ ಹೊಸದಾಗಿ ಕೊರೆದ ಅಚ್ಚಿನಲ್ಲಿ. ಇವೇ ನೊವೊದೆಲ್‌ಗಳು. ಗಿಯೊರ್ಗಿ ಮಿಖಾಯ್ಲೊವಿಚ್ ಅವರ ಒತ್ತಾಯದಿಂದ 1890ರಲ್ಲಿ ಈ ಪದ್ಧತಿ ನಿಂತಿತು. ನೊವೊದೆಲ್ ನಕಲಲ್ಲ, ಆದರೆ ಆ ಅರಸನ ಕಾಲದಲ್ಲಿ ಚಲಾವಣೆಯಾದದ್ದೂ ಅಲ್ಲ. ಅರಸರ ಸರಣಿ ಮಾಡುವವರು ಇದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು: ನಿಮ್ಮ ತಟ್ಟೆಯಲ್ಲಿ ನೊವೊದೆಲ್‌ಗೆ ಜಾಗ ಉಂಟೋ ಇಲ್ಲವೋ. ನನ್ನಲ್ಲಿ ಇಲ್ಲ.

ಗಂಡಭೇರುಂಡ_77

ನನ್ನಲ್ಲಿ ಉಂಟು. ಕೆಲವು ನೊವೊದೆಲ್‌ಗಳು ಮೂಲಕ್ಕಿಂತಲೂ ಅಪರೂಪ. ಈ ವಿಷಯದಲ್ಲೂ ನಾವು ಒಪ್ಪುವುದಿಲ್ಲವೆಂದು ಗೊತ್ತಿತ್ತು.

ಕರಾವಳಿಯವ

ಕೊಳ್ಳುವ ಬಗ್ಗೆಯೇ ಎಲ್ಲರೂ ಬರೆದಿರಿ, ಇಟ್ಟುಕೊಳ್ಳುವ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ಸಾಕು, ವಿಭೂತಿಯೋ ಹುಣಸೆಹಣ್ಣೋ ತಂದು ತಿಕ್ಕುವ ಅಭ್ಯಾಸ. ದೀಪದ ಕಂಬಕ್ಕೆ ಅದು ಸರಿ, ರೂಬಲ್‌ಗೆ ಮರಣಶಾಸನ. ಒಮ್ಮೆ ತಿಕ್ಕಿದ ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂತಹ ಗೀರುಗಳು ಒಂದೇ ದಿಕ್ಕಿನಲ್ಲಿ ಹೊಳೆಯುತ್ತವೆ. ಪ್ರಮಾಣೀಕರಿಸುವ ಸಂಸ್ಥೆಗಳು ಅದಕ್ಕೆ ಅಂಕ ಕೊಡದೆ "ಶುಚಿಗೊಳಿಸಿದ್ದು" ಎಂದು ಬರೆದು ಕಳುಹಿಸುತ್ತವೆ, ಬೆಲೆ ಅರ್ಧಕ್ಕೆ ಬಿದ್ದರೂ ಆಶ್ಚರ್ಯವಿಲ್ಲ. ಮೆತ್ತನೆಯ ಪಿವಿಸಿ ಲಕೋಟೆಗಳಲ್ಲಿ ಇಡಲೇಬೇಡಿ. ನಮ್ಮ ಕಡೆಯ ಮಳೆಗಾಲದ ತೇವದಲ್ಲಿ ಅದು ಹಸಿರು ಅಂಟನ್ನು ಬಿಡುತ್ತದೆ, ಅದು ಬೆಳ್ಳಿಯ ಮೈಯನ್ನು ತಿನ್ನುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಇಷ್ಟು ಸಾಕು.

ಕಾಯಿದೆ_ಕಡತ

ಕಾನೂನಿನ ಎರಡು ಮಾತು. ರಷ್ಯಾದಿಂದ ನೂರು ವರ್ಷ ಮೀರಿದ ನಾಣ್ಯವನ್ನು ಹೊರತರಲು ಅಲ್ಲಿನ ಸಂಸ್ಕೃತಿ ಸಚಿವಾಲಯದ ಅನುಮತಿ ಬೇಕು. ವಿದ್ಯಾರ್ಥಿಗಳು ಜೇಬಿನಲ್ಲಿಟ್ಟುಕೊಂಡು ಬರಬಹುದೆಂದು ಭಾವಿಸಬೇಡಿ. ಇಲ್ಲಿಯೂ 1972ರ ಪುರಾವಸ್ತು ಕಾಯಿದೆಯ ವ್ಯಾಖ್ಯೆಯಲ್ಲಿ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವೂ ಸೇರುತ್ತದೆ, ಪುರಾವಸ್ತುವನ್ನು ಖಾಸಗಿಯಾಗಿ ದೇಶದಿಂದ ಹೊರಗೆ ಕಳುಹಿಸುವುದು ನಿಷಿದ್ಧ. ಹೊರಗಿನ ಹರಾಜಿನಲ್ಲಿ ಕೊಂಡ ರೂಬಲನ್ನು ಮತ್ತೆ ಹೊರಗೆ ಮಾರುವ ಯೋಚನೆಯಿದ್ದರೆ, ತರಿಸಿಕೊಳ್ಳುವ ಮೊದಲೇ ವಕೀಲರನ್ನು ಕೇಳಿ. ಬಿಲ್ಲು ಮತ್ತು ಸುಂಕದ ರಸೀದಿಗಳನ್ನು ಬಿಸಾಡಬೇಡಿ.

ವೋಲ್ಗಾದಾಚೆ

ನಾನು ರೂಬಲ್ ತರಲಿಲ್ಲ. ಆದರೆ ಇದೇ ವಿಷಯಕ್ಕೆ ಸೇರಿದ್ದೊಂದನ್ನು ಹೇಳಬೇಕು. ಮೊದಲ ಮಹಾಯುದ್ಧ ಶುರುವಾದಾಗ ಜನ ಬೆಳ್ಳಿಯನ್ನೆಲ್ಲ ಬಚ್ಚಿಟ್ಟರು, ಚಿಲ್ಲರೆಯೇ ಮಾಯವಾಯಿತು. ಸರ್ಕಾರ 1915ರಲ್ಲಿ ರೊಮಾನೊವ್ ಸ್ಮಾರಕ ಅಂಚೆಚೀಟಿಗಳನ್ನೇ ದಪ್ಪ ಕಾಗದದ ಮೇಲೆ ಮುದ್ರಿಸಿ, ಹಿಂಬದಿಗೆ "ಬೆಳ್ಳಿ ಚಿಲ್ಲರೆಗೆ ಸಮನಾಗಿ ಚಲಿಸುತ್ತದೆ" ಎಂದು ಬರೆದು ಹಂಚಿತು. ರೂಬಲ್ ಸರಣಿಯ ಕೊನೆಗೆ ಅದರಲ್ಲೊಂದನ್ನು ಇಟ್ಟರೆ ಬೆಳ್ಳಿ ಎಲ್ಲಿಗೆ ಹೋಯಿತೆಂದು ಯಾರಿಗೂ ವಿವರಿಸಬೇಕಿಲ್ಲ. ಬೆಲೆಯೂ ಕಡಿಮೆ.

ಬೆಳ್ಳಿಬಿಲ್ಲೆ

ಅರಸರ ಸರಣಿಯೇ ಎಂದು ನಿರ್ಧರಿಸಿದೆ. ಹದಿನೆಂಟನೆಯ ಶತಮಾನಕ್ಕೆ ಕಾಲಿಡಲು ಮೊದಲ ನಾಣ್ಯ ಯಾವುದಾಗಬೇಕು?

ಟಂಕಸಾಲೆ

ಎರಡನೇ ಕ್ಯಾಥರೀನ್. ಮೂವತ್ತನಾಲ್ಕು ವರ್ಷ ಆಳಿದವಳಾದ್ದರಿಂದ ನಾಣ್ಯಗಳು ಸಾಕಷ್ಟು ಉಳಿದಿವೆ. 1765ರವರೆಗಿನವುಗಳಲ್ಲಿ ಕುತ್ತಿಗೆಗೆ ಶಾಲು ಸುತ್ತಿದ ಚಿತ್ರ, 1766ರಿಂದ ಶಾಲಿಲ್ಲದ ಚಿತ್ರ. ಆಮೇಲೆ ವಯಸ್ಸಾದಂತೆ ಮುಖವೂ ತುಂಬಿಕೊಳ್ಳುತ್ತದೆ. ಶಾಲಿಲ್ಲದ, ಮಧ್ಯಮ ಸ್ಥಿತಿಯ, ತಿಕ್ಕದ ಒಂದನ್ನು ಹುಡುಕಿ.

ವೋಲ್ಗಾದಾಚೆ

ಕ್ಯಾಥರೀನ್ ರೂಬಲ್ ಕೊಳ್ಳುವಾಗ ಹನ್ನೆರಡು ಗಂಟೆಯ ಜಾಗದಲ್ಲಿ ಅಂಚನ್ನು ನೋಡಿ. ವೋಲ್ಗಾ ತೀರದ ಚುವಾಶ್, ಮಾರಿ, ಮೊರ್ದ್ವಾ ಹೆಂಗಸರು ನಮ್ಮ ಕಾಸಿನ ಸರದ ಹಾಗೆ ಬೆಳ್ಳಿ ನಾಣ್ಯಗಳನ್ನು ಎದೆಯ ಮೇಲೂ ತಲೆಯ ಮೇಲೂ ಹೊಲಿದುಕೊಳ್ಳುತ್ತಿದ್ದರು. ಹಾಗಾಗಿ ಎಷ್ಟೋ ರೂಬಲ್‌ಗಳಿಗೆ ತೂತು ಬಿದ್ದಿದೆ, ಇಲ್ಲವೇ ಕೊಂಡಿ ಬೆಸೆದು ಆಮೇಲೆ ಕಿತ್ತ ಗುರುತಿದೆ. ತೂತನ್ನು ಬೆಳ್ಳಿಯಿಂದ ಮುಚ್ಚಿ ಮಾರುವವರೂ ಇದ್ದಾರೆ.

ಅಕ್ಕಸಾಲೆ_ಬೀದಿ

ಮುಚ್ಚಿದ ತೂತನ್ನು ಹಿಡಿಯಲು ಹದ್ದಿನ ಬದಿ ನೋಡಿ, ರಾಣಿಯ ಬದಿಯಲ್ಲ. ಮುಖದ ಬದಿಯನ್ನು ಎಲ್ಲರೂ ಚೆನ್ನಾಗಿ ತಿದ್ದುತ್ತಾರೆ. ಹಿಂಬದಿಯ ಕಿರೀಟದ ಹತ್ತಿರ ಅಕ್ಷರವೊಂದು ಉಳಿದವುಗಳಿಗಿಂತ ದಪ್ಪವಾಗಿಯೋ ಓರೆಯಾಗಿಯೋ ಇದ್ದರೆ ಅಲ್ಲಿ ತೂತಿತ್ತೆಂದೇ ಲೆಕ್ಕ. ಅಂಥದ್ದು ಸಿಕ್ಕರೆ ಬೇಡವೆನ್ನಬೇಕಿಲ್ಲ, ತೂತಿನ ಬೆಲೆಗೆ ಕೇಳಿ.